ನಾನು ತಿದ್ದಿದ ನಾಲ್ಕು ಸಹಿಗಳು

ಆ ನಾಲ್ಕು ಹಾಕಿ ಕಾರ್ಡುಗಳ ಮೇಲಿನ ಸಹಿಗಳನ್ನು ತಿದ್ದಿದವಳು ನಾನು. ಆಗ ನನಗೆ ಹನ್ನೊಂದು ವರ್ಷ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಖಂಡೇನವಮಿಯ ಹಿಂದಿನ ದಿನ, ನನ್ನ ಶಾಲೆಯ ಪೆನ್ನಿನಿಂದ ತಿದ್ದಿದೆ. ಯಾರೂ ನೋಡಲಿಲ್ಲ, ನಾನೂ ಹೇಳಲಿಲ್ಲ.

ಅಂಗೈಯಷ್ಟು ದೊಡ್ಡ ಕಾರ್ಡುಗಳು ಅವು. ಒಂದು ಕಾಲಕ್ಕೆ ಆಸ್ಟ್ರೇಲಿಯಾದಲ್ಲಿ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಿಗಳೊಳಗೆ ಆಟಗಾರರ ಬಣ್ಣದ ಚಿತ್ರಗಳನ್ನು ಇಟ್ಟು ಮಾರುತ್ತಿದ್ದರಂತೆ. ಅರವತ್ತರ ದಶಕದಲ್ಲಿ ಅಲ್ಲಿಂದ ಒಂದು ಹಾಕಿ ತಂಡ ಊರೂರಲ್ಲಿ ಆಡುತ್ತ ಹುಬ್ಬಳ್ಳಿಗೂ ಬಂದಿತ್ತು. ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಪಪ್ಪಾ ರೈಲ್ವೆ ತಂಡದ ಲೆಫ್ಟ್ ಹಾಫ್, ಎಡಬದಿ ಕಾಯುವ ಆಟಗಾರ. ಆಟ ಮುಗಿದ ಮೇಲೆ ಎದುರಾಳಿಗಳಲ್ಲಿ ನಾಲ್ವರು ತಮ್ಮ ಚಿತ್ರವಿದ್ದ ಕಾರ್ಡುಗಳ ಮೇಲೆ ಸಹಿ ಹಾಕಿ ಪಪ್ಪಾಗೆ ಕೊಟ್ಟರು. ಆ ಪಂದ್ಯದ ಫೋಟೋ ಇರಲಿಲ್ಲ, ಪತ್ರಿಕೆಯ ತುಣುಕೂ ಇರಲಿಲ್ಲ. ಉಳಿದದ್ದು ಈ ಕಾರ್ಡುಗಳು ಮಾತ್ರ.

ಖಂಡೇನವಮಿಯ ಆಯುಧಪೂಜೆಗೆ ನಮ್ಮ ಮನೆಯಲ್ಲಿ ಎಲ್ಲವೂ ಹೊಸದಾಗಬೇಕು. ಹೊಲಿಗೆ ಯಂತ್ರಕ್ಕೆ ಎಣ್ಣೆ, ಟ್ರಂಕಿನ ಮೇಲಿನ ಪಪ್ಪಾನ ಹೆಸರಿಗೆ ಬಿಳಿ ಬಣ್ಣ, ಹಾಕಿ ಸ್ಟಿಕ್ಕಿನ ಹಿಡಿಗೆ ಹೊಸ ಬಟ್ಟೆ. ಸ್ಟಿಕ್ಕಿನ ಪಕ್ಕದಲ್ಲಿ ಕಾರ್ಡುಗಳನ್ನೂ ಪೂಜೆಗೆ ಇಡುತ್ತಿದ್ದರು. ವರ್ಷವಿಡೀ ಕಿಟಕಿಯ ಎದುರು ತೂಗುಹಾಕಿದ್ದರಿಂದ ಸಹಿಗಳ ಮಸಿ ಬಿಸಿಲಿಗೆ ಹೋಗಿ ಬರಿಯ ಗೆರೆಯ ಗುರುತಷ್ಟೇ ಉಳಿದಿತ್ತು. ಟ್ರಂಕಿನ ಹೆಸರನ್ನು ಪ್ರತಿ ವರ್ಷ ತಿದ್ದುವುದು ನನ್ನ ಕೆಲಸ. ಇವನ್ನೂ ತಿದ್ದಬೇಕು ಅಂದುಕೊಂಡೆ. ಮೊದಲು ನೋಟುಬುಕ್ಕಿನ ಎರಡು ಹಾಳೆಗಳ ಮೇಲೆ ಅಭ್ಯಾಸ ಮಾಡಿ, ಆಮೇಲೆ ಗುರುತಿನ ಮೇಲೆಯೇ ನಿಧಾನವಾಗಿ ಬರೆದೆ. ಮರುದಿನ ಪಪ್ಪಾ ಕಾರ್ಡುಗಳಿಗೆ ಕುಂಕುಮ ಹಚ್ಚುತ್ತ, "ನೋಡಿಲ್ಲೆ, ಫಾರಿನ್ ಮಸಿ, ಇನ್ನೂ ಹೆಂಗ ಐತಿ" ಎಂದು ಅವ್ವನಿಗೆ ತೋರಿಸಿದರು.

ಅವ್ವ ತೀರಿಕೊಂಡ ಮೇಲೆ ಪಪ್ಪಾನನ್ನು ಸಿಡ್ನಿಗೆ, ಕ್ವೇಕರ್ಸ್ ಹಿಲ್‌ನ ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ಇದು ಎರಡು ಸಾವಿರದ ಆರನೆಯ ಇಸವಿಯ ಮಾತು. ಬಂದ ಕೆಲವೇ ತಿಂಗಳಲ್ಲಿ ಒಲೆಯ ಮೇಲೆ ಹಾಲಿಟ್ಟು ಮರೆಯತೊಡಗಿದರು. ಒಮ್ಮೆ ಸ್ಟೇಷನ್ನಿಗೆ ಹೋದವರು ಮನೆಯ ದಾರಿ ತಿಳಿಯದೆ ಅಲ್ಲಿಯೇ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ಗಡಿಯಾರದ ಚಿತ್ರ ಬರೆಯಲು ಹೇಳಿದಾಗ ಅವರು ಅಂಕಿಗಳನ್ನೆಲ್ಲ ಒಂದೇ ಬದಿಗೆ ಬರೆದರು. ಮರೆವಿನ ಕಾಯಿಲೆಯ ಆರಂಭ ಎಂದರು ಡಾಕ್ಟರು. ಹಳೆಯ ನೆನಪುಗಳು ಕೊನೆಗೆ ಹೋಗುತ್ತವೆ, ಅವುಗಳ ಮೇಲೆ ಅವರಿಗೆ ನಂಬಿಕೆ ಇರಲಿ, ಆ ಬಗ್ಗೆ ಮಾತಾಡಿಸುತ್ತಿರಿ ಎಂದೂ ಹೇಳಿದರು.

ಪಪ್ಪಾ ಮಾತಾಡುತ್ತಿದ್ದದ್ದು ಆ ಪಂದ್ಯದ ಬಗ್ಗೆಯೇ. ಪಕ್ಕದ ಬೀದಿಯಲ್ಲಿ ಉಡುಪಿಯ ಅಂಕಲ್ ಒಬ್ಬರಿದ್ದರು. ಭಾನುವಾರ ಮಧ್ಯಾಹ್ನ ಚಹಾಕ್ಕೆ ಬರುತ್ತಿದ್ದರು. ಪಪ್ಪಾನನ್ನು ಕೆಣಕುವುದೆಂದರೆ ಅವರಿಗೆ ಇಷ್ಟ.

"ಹದಿನೈದ ನಿಮಿಷ ಉಳದಿತ್ರಿ. ಅವರ ರೈಟ್ ವಿಂಗಿನಾಂವ ಗಾಳಿ ಬಂದಂಗ ಬಂದಾ. ನಾ ಬಗ್ಗಿ ಸ್ಟಿಕ್ ಇಟ್ಟೆ, ಬಾಲ್ ಕಸಗೊಂಡೆ."

"ಹೋದ ವಾರ ಹತ್ತು ನಿಮಿಷ ಅಂತ ಹೇಳಿದ್ರಿ ಮಾರಾಯ್ರೆ. ಮುಂದಿನ ವಾರ ಗೋಲ್ ಹೊಡೆದದ್ದೂ ನೀವೇ ಅಂತ ಆಗ್ಲಿಕ್ಕೆ ಉಂಟು."

"ಹಾಫ್ ಬ್ಯಾಕ್ ಗೋಲ್ ಹೊಡಿಯೂದಿಲ್ರಿ ಸಾಹೇಬ್ರ. ನಿಮ್ಮ ಕಡೆ ಸ್ಟಿಕ್ ಅಂದ್ರ ದೋಣಿ ನೂಕೂ ಕೋಲ ಇರಬೇಕು!"

ಅಂಕಲ್ ಜೋರಾಗಿ ನಕ್ಕು ಕಾರ್ಡುಗಳನ್ನು ಕೈಗೆತ್ತಿಕೊಂಡರು. "ಅಲ್ಲ, ಇದನ್ನು ಚೆಕ್ ಮಾಡ್ಲಿಕ್ಕೆ ಜನ ಇದ್ದಾರೆ ಗೊತ್ತುಂಟಾ? ಮೆಲ್ಬರ್ನಿನಲ್ಲಿ. ಸಹಿ ಅಸಲಿಯಾ ಅಂತ ಭೂತಗನ್ನಡಿಯಲ್ಲಿ ನೋಡ್ತಾರೆ. ಕಾರ್ಡಿಗೆ ಹತ್ತರಲ್ಲಿ ಇಷ್ಟು ಅಂತ ಮಾರ್ಕು ಕೊಟ್ಟು ಪ್ಲಾಸ್ಟಿಕ್ಕಿನೊಳಗೆ ಸೀಲ್ ಮಾಡ್ತಾರೆ. ನಮ್ಮ ಆಫೀಸಿನವ ಒಬ್ಬ ಮಾಡಿಸಿದ್ದಾನೆ. ಅದು ಬಂದ್ರೆ ನಾನು ಬಾಯಿ ಮುಚ್ಚುತ್ತೇನೆ."

ಪಪ್ಪಾ ನಗಲಿಲ್ಲ. ಅಂಕಲ್ ಹೋದ ಮೇಲೆ ನನ್ನನ್ನು ಕರೆದರು. "ಯವ್ವಾ, ಇದನ್ನ ಮಾಡಿಸಿಬಿಡು. ಒಂದೊಂದ ಸಲ ನನಗೂ ಖರೇ ಅನಸೂದಿಲ್ಲ. ಆಡೀನೋ, ಯಾರರ ಹೇಳಿದ್ದ ಕೇಳೀನೋ. ಬರದ ಕೊಟ್ರ ಅಂದ್ರ ನೆನಪ ಹೋದಾಗ ಅದನ್ನ ತಗದ ನೋಡಬಹುದು."

ಆಗ ಹೇಳಬೇಕಿತ್ತು. ಮರುದಿನ ಚಾಟ್ಸ್‌ವುಡ್‌ನ ನನ್ನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಆ ಪರೀಕ್ಷಕರ ನಿಯಮಗಳನ್ನು ಓದಿದೆ. ಬೇರೆ ಕೈ ಮರುಬರೆದ ಸಹಿಯನ್ನು, ಉದ್ದೇಶ ಏನೇ ಇರಲಿ, ತಿರಸ್ಕರಿಸಲಾಗುವುದು ಎಂದಿತ್ತು. ಎರಡು ಸಲ ಓದಿದೆ. ಪಪ್ಪಾಗೆ ಆಘಾತವಾದೀತು ಎಂದು ಸುಮ್ಮನಿದ್ದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಮನೆಯಲ್ಲಿ ನಾನು ಯಾರ ವಸ್ತುವನ್ನೂ ಮುಟ್ಟದ ಹುಡುಗಿ ಎಂದು ಹೆಸರು ಪಡೆದವಳು, ಆ ಹೆಸರು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ನಲವತ್ತು ವರ್ಷದ ಹಿಂದಿನ ಮಸಿಗೂ ಹದಿನೇಳು ವರ್ಷದ ಹಿಂದಿನ ಮಸಿಗೂ ಅಷ್ಟು ವ್ಯತ್ಯಾಸ ಕಾಣಲಿಕ್ಕಿಲ್ಲ ಎಂಬ ಆಸೆಯೂ ಇತ್ತು.

ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಅಣ್ಣನ ಹೊಸ ಮನೆ. ಸುತ್ತ ಇನ್ನೂ ಖಾಲಿ ಸೈಟುಗಳು, ಗಾಳಿಗೆ ಕೆಂಪು ಧೂಳು. ಪಪ್ಪಾನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಶನಿವಾರ ಅಣ್ಣ ಕಾರು ತೆಗೆದ. ಪಪ್ಪಾ ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡಿದ್ದರು.

ಹಳೆಯ ಕಾರ್ಡುಗಳ ಸಣ್ಣ ಅಂಗಡಿ. ಪರೀಕ್ಷಕರು ಅರವತ್ತರ ಆಸುಪಾಸಿನ ಹೆಂಗಸು. ಬಿಳಿ ಕೈಗವಸು ಹಾಕಿಕೊಂಡು ಕಾರ್ಡುಗಳನ್ನು ಒಂದೊಂದಾಗಿ ದೀಪದ ಕೆಳಗಿಟ್ಟು ನೋಡಿದರು. ಅದೇ ಆಟಗಾರರ ಖಚಿತವಾದ ಸಹಿಗಳ ಪುಸ್ತಕವೊಂದನ್ನು ತೆರೆದು ಹೋಲಿಸಿದರು. ಮೂಲೆಯಲ್ಲಿದ್ದ ಕುಂಕುಮದ ಕಲೆ ಏನೆಂದು ಕೇಳಿದರು. ನಾನು ವಿವರಿಸಿದೆ. ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಭೂತಗನ್ನಡಿಯನ್ನು ನನ್ನ ಕಡೆ ಸರಿಸಿದರು.

"ಇಲ್ಲಿ ನೋಡಿ. ಸಹಿ ಮಾಡುವವರ ಕೈ ಓಡುತ್ತದೆ. ಈ ಕೈ ಪ್ರತಿ ತಿರುವಿನಲ್ಲೂ ನಿಂತಿದೆ. ನಾಲ್ಕು ಕಾರ್ಡಿನಲ್ಲೂ ಒಂದೇ ಕೈ."

"ಕೆಳಗೆ ಹಳೆಯ ಮಸಿ ಇಲ್ಲವೇ?"

"ಇದ್ದಿರಬಹುದು. ಈಗ ಏನೂ ಕಾಣುವುದಿಲ್ಲ. ಇದ್ದಿತೆಂದು ನಾನು ಬರೆಯಲಾರೆ."

ಆ ಅಂಗಡಿಯಲ್ಲಾದರೂ ಬಾಯಿ ಬಿಡಬಹುದಿತ್ತು. ಪಪ್ಪಾ ಎರಡು ಹೆಜ್ಜೆ ಹಿಂದೆ, ಕೈ ಕಟ್ಟಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ನಿಂತಿದ್ದರು. ಆ ಹೆಂಗಸು ಫಾರಂ ತುಂಬಿದರು. ಕಾರ್ಡು ಅಸಲಿ. ಸಹಿ ಅಸಲಿ ಅಲ್ಲ. ನಾಲ್ಕು ಸಾಲಿನಲ್ಲೂ ಅದನ್ನೇ ಬರೆದರು. ಪಪ್ಪಾ ಇಂಗ್ಲಿಷ್ ಓದಬಲ್ಲರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಥ್ಯಾಂಕ್ಯೂ ಮೇಡಂ" ಎಂದರು.

ಕಾರಿನಲ್ಲಿ ಅಣ್ಣ, "ಇರ್ಲಿ ಬಿಡ್ರಿ ಪಪ್ಪಾ, ಅವ್ರಿಗೇನ್ ಗೊತ್ತು" ಎಂದ. ಪಪ್ಪಾ ಕಿಟಕಿಯ ಕಡೆ ನೋಡುತ್ತಿದ್ದರು. "ನಾ ಆಡಿಲ್ಲ ಅಂತ ಕಾಣಸ್ತದ" ಎಂದರು.

ಆ ಸಂಜೆ ಊಟಕ್ಕೆ ಕೂರುವ ಮುಂಚೆ ನಾನು ಹೇಳಿದೆ. ಖಂಡೇನವಮಿಯ ಹಿಂದಿನ ದಿನ, ಶಾಲೆಯ ಪೆನ್ನು, ಬಿಸಿಲಿಗೆ ಹೋದ ಮಸಿ, ಎಲ್ಲವನ್ನೂ. ಪಪ್ಪಾ ಗಮನವಿಟ್ಟು ಕೇಳಿದರು. ಸಿಟ್ಟಾಗಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟರು.

"ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ ಬೇ. ನೀ ಅಂಥಾಕಿ ಅಲ್ಲ."

"ಖರೇನ ಪಪ್ಪಾ. ನಾನ ತಿದ್ದೀನಿ."

"ಹೌದ ಅಂದ್ರ ಇಷ್ಟ ವರ್ಷ ಯಾಕ ಹೇಳಲಿಲ್ಲ? ಮುಂಜಾನಿ ಆ ಮೇಡಂ ಮುಂದ ಯಾಕ ಹೇಳಲಿಲ್ಲ?"

ಪಂದ್ಯಕ್ಕೆ ಬೇರೆ ಸಾಕ್ಷಿ ಸಿಕ್ಕೀತೆಂದು ಹುಬ್ಬಳ್ಳಿಗೆ, ವರ್ಕ್‌ಶಾಪಿನ ಕ್ರೀಡಾ ಸಂಘಕ್ಕೆ ಫೋನ್ ಮಾಡಿದೆ. ಆ ಕಾಲದ ರಿಜಿಸ್ಟರುಗಳಿಗೆ ಗೆದ್ದಲು ಹಿಡಿದು ಎಸೆದರೆಂದು ಅಲ್ಲಿನ ಕ್ಲಾರ್ಕ್ ಹೇಳಿದ. ಜೊತೆಗೆ ಆಡಿದವರ ಪೈಕಿ ಒಬ್ಬರ ಮನೆಯ ನಂಬರು ಸಿಕ್ಕಿತು. ಅವರು ತೀರಿಹೋಗಿ ಆರು ವರ್ಷ ಆಗಿತ್ತು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟುಕೊಂಡು ಪಪ್ಪಾನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕಾರ್ಡುಗಳನ್ನು ನೋಡದೆಯೇ ನಾಲ್ಕೂ ಸಹಿಗಳನ್ನು ಬರೆದೆ. ಕೈಗೆ ಇನ್ನೂ ನೆನಪಿತ್ತು. ಕ್ಯಾಪ್ಟನ್ನನ ಹೆಸರಿನ ಕೊನೆಯ ಬಾಲವೂ ಹಾಗೆಯೇ ಬಂತು. ಈಗಲಾದರೂ ನಂಬುತ್ತಾರೆ ಎಂದುಕೊಂಡೆ.

ಪಪ್ಪಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕಾರ್ಡಿನ ಪಕ್ಕ ಇಟ್ಟು ನೋಡಿದರು.

"ಭಾಳ ಚಂದ ಬರದಿ" ಎಂದರು. "ನೀ ಬರೀತಿ ಅಂದ್ರ, ಈ ಕಾರ್ಡಿನ ಮ್ಯಾಲ ನಾನೂ ಬರದಿರಬೇಕು. ಹರೇದಾಗ ಮಂದಿ ಮುಂದ ದೊಡ್ಡಸ್ತಿಕಿ ಮಾಡಾಕ. ನೆನಪಿಲ್ಲ ನೋಡು." ಹಾಳೆಯನ್ನು ಮಡಚುತ್ತ, "ಆ ಆಟದ ಮಾತ ಇನ್ನ ಯಾರ ಮುಂದೂ ಹೇಳೂದಿಲ್ಲ. ನಿನಗ ನಾಚಿಗಿ ಆಗಬಾರದು."

ಅವರು ಆಮೇಲೆ ಮೂರು ವರ್ಷ ನನ್ನ ಜೊತೆ ಇದ್ದರು. ಬೀದಿಯ ಹೆಸರು ಮರೆತರು, ಅವ್ವ ಸತ್ತದ್ದನ್ನು ಮರೆತರು, ಕೊನೆಯ ಚಳಿಗಾಲದಲ್ಲಿ ನನ್ನನ್ನೂ ಮರೆತರು. ಉಡುಪಿಯ ಅಂಕಲ್ ಎಷ್ಟೋ ಸಲ ಪಕ್ಕದಲ್ಲಿ ಕೂತು ಆ ಆಟದ ಕಥೆ ಹೇಳಿ ಎಂದು ಬೇಡಿಕೊಂಡರು. ಅಂದು ನನಗೆ ಕೊಟ್ಟ ಆ ಒಂದು ಮಾತನ್ನು ಮಾತ್ರ ಪಪ್ಪಾ ಒಮ್ಮೆಯೂ ಮರೆಯಲಿಲ್ಲ.