ಜಪಾನಿಗೆ ಹೋದ ಕೋಡುಬಳೆ ಡಬ್ಬಿ

ಆಟ ಬಿಟ್ಟ ಮೇಲೆ ಒಬ್ಬ ಜಪಾನಿ ಫುಟ್‌ಬಾಲ್ ಆಟಗಾರ ಅಡುಗೆಮನೆ ಸೇರಿದ್ದ. ಅನ್ನ ಮಾಡಿ, ಉಂಡು, ಪಾತ್ರೆ ತೊಳೆದು, ಕೊನೆಗೆ ಸಿಂಕನ್ನೂ ಬಟ್ಟೆಯಿಂದ ಒರೆಸುವುದನ್ನು ವಿಡಿಯೋ ಮಾಡಿ ಹಾಕುತ್ತಿದ್ದ. ಮಾತಿಲ್ಲ, ಸಂಗೀತವಿಲ್ಲ. ಆದರೂ ಲಕ್ಷಾಂತರ ಜನ ನೋಡುತ್ತಿದ್ದರು. ಸಾಕರ್ ಆಡುವ ನನ್ನ ಮಗಳಿಗೆ ಅವನ ಹಳೆಯ ಗೋಲುಗಳು ಇಷ್ಟ. ಕ್ಯಾಲಿಫೋರ್ನಿಯಾದ ರಾಂಚೊ ಬರ್ನಾರ್ಡೊದಲ್ಲಿರುವ ನಾವು ಕನ್ನಡದ ಹೆಂಗಸರು ನೋಡುತ್ತಿದ್ದದ್ದು ಸಿಂಕನ್ನು. ನಲ್ಲಿಯ ಹಿಂದುಗಡೆಯನ್ನೂ ಬಿಡುತ್ತಿರಲಿಲ್ಲ ಪುಣ್ಯಾತ್ಮ.

"ನಾನು ದಿನಾ ಡಿಶ್‌ವಾಷರ್ ತುಂಬ್ತೀನಿ. ಒಂದಾದ್ರೂ ಲೈಕ್ ಬಂದಿದ್ಯಾ?" ಎಂದು ನಮ್ಮ ಯಜಮಾನರು ಗೊಣಗಿದರು.

"ಬಾಣಲೆ ಅಡ್ಡ ಇಟ್ಟು ತುಂಬ್ತೀರಲ್ಲ ರೀ, ಅದಕ್ಕೇ," ಎಂದೆ.

ಹೋದ ವರ್ಷ ಅವನು ಲಾಸ್ ಏಂಜಲೀಸ್‌ಗೆ ಬಂದು ಅಭಿಮಾನಿಗಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಾನೆಂದು ತಿಳಿದು ಮಗಳು ಕುಣಿದಾಡಿದಳು. ಬರಿಗೈಯಲ್ಲಿ ಹೋಗುವುದು ಹೇಗೆ? ಕೋಡುಬಳೆ ಕರಿದೆ. ಅಳತೆಗೆ ಸರಿಯಾಗಿ ಸಿಕ್ಕಿದ್ದು ಅಮ್ಮ ಬೆಂಗಳೂರಿನಿಂದ ಬಂದಾಗ ಬಿಟ್ಟುಹೋಗಿದ್ದ ಸ್ಟೀಲ್ ಡಬ್ಬಿ. ಅವಳ ಮದುವೆಗೆ ಅಜ್ಜಿ ಕೊಟ್ಟದ್ದು. ಮೈಮೇಲೆ ಚುಕ್ಕಿಚುಕ್ಕಿಯಾಗಿ ಅಮ್ಮನ ಹೆಸರು ಕೊರೆಸಿದೆ. ಭಾನುವಾರದ ವಿಡಿಯೋ ಕಾಲಿನಲ್ಲಿ ಅಮ್ಮ ನನಗಿಂತ ಮೊದಲು ಅದರ ಕ್ಷೇಮ ವಿಚಾರಿಸುವಳು: "ಮುಂದಿನ ಸಲ ಬಂದಾಗ ತಗೊಂಡು ಹೋಗ್ತೀನಿ. ಯಾರಿಗಾದ್ರೂ ಕೊಟ್ಟೀಯ, ಜೋಕೆ!"

ಕೋಡುಬಳೆಯನ್ನು ಅಲ್ಲೇ ಪೇಪರ್ ತಟ್ಟೆಗೆ ಸುರಿದು ಡಬ್ಬಿಯನ್ನು ವಾಪಸ್ ತರುವುದೆಂದು ನಾನು ತಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ.

ನಮ್ಮ ಸರದಿ ಬಂತು. ನಾನು ತಟ್ಟೆ ಹುಡುಕುವಷ್ಟರಲ್ಲಿ ಅವನು ಎದ್ದು ನಿಂತು, ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡು, ಸೊಂಟ ಬಗ್ಗಿಸಿ ವಂದಿಸಿದ. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು ನಾನು. ಅಷ್ಟು ಬಗ್ಗಿದವರಿಂದ ಪಾತ್ರೆ ಕಿತ್ತುಕೊಳ್ಳುವುದುಂಟೆ? ನಾನೂ ಬಗ್ಗಿದೆ. ಫೋಟೋದಲ್ಲಿ ಮಗಳು ನಗುತ್ತಿದ್ದಾಳೆ; ನನ್ನದು ಬೈತಲೆ ಮಾತ್ರ ಬಿದ್ದಿದೆ.

ಅವನು ಊರಿಗೆ ಹೋದ ಮೇಲೆ ಡಬ್ಬಿ ವಿಡಿಯೋದಲ್ಲಿ ಬಂತು. ಕೋಡುಬಳೆ ಕಟುಮ್ಮೆಂದಿತು. ತಿಂದು ಮುಗಿಸಿ, ಡಬ್ಬಿ ತೊಳೆದು, ಒರೆಸಿ, ಶೆಲ್ಫಿನ ಮೇಲಿಟ್ಟ. ಶೆಲ್ಫಿನ ಮೇಲೆ! ಅಂದರೆ ವಾಪಸ್ ಕೊಡುವ ಯೋಚನೆಯೇ ಇಲ್ಲ. ಸಿಸ್ಟರ್‌ಗಳು ಕಲಿಸಿದ ಶುದ್ಧ ಇಂಗ್ಲಿಷಿನಲ್ಲಿ ಕಮೆಂಟ್ ಬರೆದೆ: ಮಾನ್ಯರೇ, ಕೋಡುಬಳೆ ತಮಗೆ ಹಿಡಿಸಿದ್ದು ಸಂತೋಷ. ಡಬ್ಬಿ ಖಾಲಿಯಾಗಿರುವುದರಿಂದ, ತಮ್ಮ ಅನುಕೂಲ ನೋಡಿಕೊಂಡು ಹಿಂದಿರುಗಿಸಬೇಕಾಗಿ ವಿನಂತಿ. ಇಂತಿ ತಮ್ಮ ವಿಶ್ವಾಸಿ.

ಬೆಳಗಾಗುವಷ್ಟರಲ್ಲಿ ಸಾವಿರಾರು ಲೈಕು. ಡಬ್ಬಿ ಕೊಟ್ಟುಬಿಡಪ್ಪಾ ಎಂದು ಯಾವ್ಯಾವುದೋ ದೇಶದವರೆಲ್ಲ ನನ್ನ ಪರ ವಾದಿಸುತ್ತಿದ್ದರು.

"ಅಮ್ಮಾ, ಡಿಲೀಟ್ ಇಟ್! ನನ್ನ ಹೋಲ್ ಟೀಮ್ ಈಸ್ ರೀಡಿಂಗ್ ಇಟ್!" ಎಂದು ಮಗಳು ದಿಂಬಿನಲ್ಲಿ ಮುಖ ಹುದುಗಿಸಿದಳು.

ವಿಡಿಯೋ ಬೆಂಗಳೂರಿಗೂ ಫಾರ್ವರ್ಡ್ ಆಯಿತು. ಭಾನುವಾರವಲ್ಲದ ದಿನ ಅಮ್ಮನ ಕಾಲ್ ಬಂತು.

"ನನ್ನ ಡಬ್ಬಿ ಜಪಾನಲ್ಲಿ ಏನೇ ಮಾಡ್ತಿದೆ?"

"ಅಮ್ಮಾ, ಅದು ಏನಾಯ್ತು ಅಂದ್ರೆ..."

"ಸುಮ್ನಿರು. ಹೆಂಗೆ ಒರೆಸ್ತಾನೆ ನೋಡು! ಹೆಸರಿನ ಒಂದೊಂದು ಚುಕ್ಕೀನೂ ಬಿಟ್ಟಿಲ್ಲ. ನಿನ್ನ ಮನೇಲಿದ್ದಾಗ ಯಾವತ್ತಾದ್ರೂ ಹಿಂಗೆ ಹೊಳೆದಿತ್ತಾ?"

"ವಾಪಸ್ ಕೇಳಿದ್ದೀನಮ್ಮ."

"ನಿನಗ್ಯಾರು ಕೇಳು ಅಂದ್ರು? ಅಳಿಸಾಕು ಅದನ್ನ. ಅಲ್ಲೇ ಇರ್ಲಿ, ಚೆನ್ನಾಗಿದೆ."

ಮಗಳ ಮುಖ ದಿಂಬಿನಿಂದ ಹೊರಬಂತು. ನಾನು ಕಮೆಂಟ್ ಅಳಿಸಿದೆ.

ಈಗ ಅವನು ಅದರಲ್ಲಿ ಅಕ್ಕಿ ಇಡುತ್ತಾನೆ. ಅಮ್ಮ ಒಂದು ವಿಡಿಯೋವನ್ನೂ ತಪ್ಪಿಸುವುದಿಲ್ಲ. ಹೋದ ಭಾನುವಾರ ನನ್ನ ಮುಖ ಕಾಣುತ್ತಲೇ ಶುರುಮಾಡಿದಳು: "ಯಾಕೋ ಎರಡು ವಿಡಿಯೋದಿಂದ ಡಬ್ಬಿ ಕಾಣಿಸ್ತಿಲ್ಲ ಕಣೇ. ನಿನ್ನ ಆ ಕಾನ್ವೆಂಟ್ ಇಂಗ್ಲಿಷಲ್ಲಿ ಮರ್ಯಾದೆಯಾಗಿ ವಿಚಾರಿಸು. ಮುಚ್ಚಳಾನೂ ಕೇಳು."

ಮಗಳು ದಿಂಬು ಹುಡುಕತೊಡಗಿದಳು.