ಮಗ್ಗದ ಓಣಿಯ ಕೊನೆಯ ಪಾಠ

ಕಿವಿಯ ಯಂತ್ರವನ್ನು ಮೊದಲ ಸಲ ಹಾಕಿಕೊಂಡ ದಿನ ನನಗೆ ಕೇಳಿಸಿದ್ದು ಮಾತಲ್ಲ, ಖಟಖಟ ಸದ್ದು. ಆಸ್ಪತ್ರೆಯ ಹಳೇ ಪಂಖಾ ಅಂತೆ. ನನಗೆ ಮಾತ್ರ ಅದು ಇಚಲಕರಂಜಿಯ ಶಹಾಪುರ ಓಣಿಯ ಕರೆಂಟಿನ ಮಗ್ಗ. ಆ ಸದ್ದಿನ ಹಿಂದೆಯೇ ಅಕ್ಕಾವರು ಬಂದು ನಿಂತರು, ಬಗಲಲ್ಲಿ ಸುತ್ತಿದ ಬಟ್ಟೆಯ ಕರಿಹಲಗೆ ಹಿಡಿದು, ಬಾಯಿ ಅಗಲಿಸಿ ಏನೋ ಹೇಳುತ್ತ...

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹೈಸ್ಕೂಲಿನಲ್ಲಿ ಕಲಿಸಬೇಕೆಂದರೆ ಡಿಗ್ರಿಯ ಮೇಲೆ ಒಂದು ವರ್ಷ ಬಿ.ಎಡ್. ಆಗಲೇಬೇಕು. ನಾನು ಗಡಹಿಂಗ್ಲಜ ಕಡೆಯ ಮಹಾಗಾಂವದ ಅಂಗಡಿಕಾರರ ಮಗಳು, ಕೊಲ್ಹಾಪುರದ ಟ್ರೇನಿಂಗ್ ಕಾಲೇಜಿಗೆ ಹೊಸಬಳು. ನನ್ನ ಜೊತೆಗೇ ತರಬೇತಿಗೆ ಬಂದಿದ್ದ ಅಕ್ಕಾವರು ಹಾಗಲ್ಲ, ನಮಗಿಂತ ಹಿರಿಯರು. ಕುರಿ ಸಾಕುವ ಮನೆತನದಿಂದ ಓದಿ ಮೇಲೆ ಬಂದು, ಶಹಾಪುರದ ಒಂದು ಹೈಸ್ಕೂಲಿನಲ್ಲಿ ತರಬೇತಿ ಇಲ್ಲದೆಯೇ ವರ್ಷಗಟ್ಟಲೆ ಕಲಿಸಿದವರು. ಈ ಸಲ ಪಾಸಾಗದಿದ್ದರೆ ತರಬೇತಿ ಆದವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಖಡಾಖಂಡಿತ ಹೇಳಿ ಕಳಿಸಿದ್ದರು. ಮರಾಠಿ ತುಂಬಿದ ಹಾಸ್ಟೆಲಿನಲ್ಲಿ "ನೀವು ಕನ್ನಡದವ್ರೇನ್ರಿ?" ಎಂದು ಕೇಳಿ, ನನ್ನ ಪಕ್ಕದ ಕಾಟಿಗೆ ಟ್ರಂಕು ತಂದಿಟ್ಟರು.

ಆ ಕೋರ್ಸಿನ ಕಟ್ಟುನಿಟ್ಟು ನಮ್ಮ ಅಜ್ಜಿಯ ಮಡಿಯನ್ನೂ ಮೀರಿಸುವಂಥದ್ದು. ಪಾಠದ ಟಿಪ್ಪಣಿಗೆ ಮೊದಲೇ ಮಾಸ್ತರರ ಸಹಿ ಆಗಬೇಕು. ಪ್ರಸ್ತಾವನೆಯ ಪ್ರಶ್ನೆಗಳು ಮುಗಿದ ಮೇಲೆ "ಇವತ್ತು ನಾವು ಇದನ್ನು ಕಲಿಯೋಣ" ಎಂದು ಹೇತುಕಥನ ಹೇಳಲೇಬೇಕು. ಅದನ್ನು ಮರೆತರೆ ಅಂಕ ಹೋದವು. ಓರಗೆಯವರೇ ಹಿಂದಿನ ಬೆಂಚಿನಲ್ಲಿ ಕೂತು ನಮ್ಮ ತಪ್ಪು ಬರೆಯುತ್ತಿದ್ದರು. ಪೇಪರುಗಳಲ್ಲಿ ಎಷ್ಟೇ ಚೆನ್ನಾಗಿ ಬರೆದಿರಲಿ, ಹೊರಗಿನ ಪರೀಕ್ಷಕರ ಮುಂದೆ ಕೊಡುವ ಕೊನೆಯ ಪಾಠದಲ್ಲಿ ಬಿದ್ದರೆ ಬಿದ್ದ ಹಾಗೆಯೇ. ಅಕ್ಕಾವರು ಹೇತುಕಥನವನ್ನು ಸದಾ ಮರೆಯುತ್ತಿದ್ದರು, ಅದಕ್ಕೆ ನಾನು ಸದಾ ಕಾಡುತ್ತಿದ್ದೆ.

ಅದಕ್ಕಿಂತ ದೊಡ್ಡ ತೊಡಕು ಅವರ ಬಾಯಿಯದು. ಮಗ್ಗ ನಡೆಯುವ ಓಣಿಯಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. "ಚೀರಿದ್ರ ಗಂಟಲ ಹರೀತೈತ್ರಿ, ಮಾತ ಮುಟ್ಟಂಗಿಲ್ಲ" ಎನ್ನುತ್ತಿದ್ದರು. ಅಲ್ಲಿ ಎದುರಿಗೆ ನಿಂತು, ತುಟಿ ಅಗಲಿಸಿ, ಕೈ ತಿರುಗಿಸಿ ಮಾತು ಮುಟ್ಟಿಸುತ್ತಾರೆ. ಮಕ್ಕಳು ಅದನ್ನು ನೋಡಿಯೇ ಬೆಳೆದಿರುತ್ತವೆ. ಅಕ್ಕಾವರಿಗೂ ಅದೇ ರೂಢಿ. ಅಭ್ಯಾಸದ ಪಾಠದಲ್ಲಿ ಅದನ್ನು ಕಂಡು ಕೊಲ್ಹಾಪುರದ ಮಕ್ಕಳು ಕಿಸಕ್ಕನೆ ನಕ್ಕವು. ಪಾಠ ಹೇಳುವ ಪದ್ಧತಿ ಕಲಿಸುವ ನಮ್ಮ ಮೆಥಡ್ ಮಾಸ್ತರರು, ತರಗತಿಯೆಂದರೆ ತಮಾಷಾದ ಆಟವಲ್ಲ, ಬಾಯಿ ಕೈ ಹಿಡಿತದಲ್ಲಿರಲಿ, ಇಲ್ಲದಿದ್ದರೆ ಕೊನೆಯ ಪಾಠದಲ್ಲಿ ನಾನೂ ಉಳಿಸಲಾರೆ ಎಂದು ಎಲ್ಲರೆದುರಿಗೇ ಅಂದರು.

ಅಂದಿನಿಂದ ಅಕ್ಕಾವರು ಕನ್ನಡಿ ಮುಂದೆ ಕೂತು ತುಟಿ ಅಲುಗದಂತೆ ಪಾಠ ಹೇಳುವುದನ್ನು ಕಲಿತರು. ಕೈ ಮೇಲೇಳದಂತೆ ಸೆರಗನ್ನು ಹಿಡಿದುಕೊಂಡಿರುತ್ತಿದ್ದರು. ಬೇಸರವಾದಾಗ ನನ್ನ ಕಡೆ ತಿರುಗಿ, ಧ್ವನಿ ತೆಗೆಯದೆ, ಮಾಸ್ತರರನ್ನು ಬರೀ ತುಟಿಯಲ್ಲೇ ಬೈಯುತ್ತಿದ್ದರು. ಹಾಗೆ ಬೈಗುಳದಿಂದಲೇ ನಾನೂ ತುಟಿ ಓದುವುದನ್ನು ಕಲಿತೆ.

ಕೊನೆಯ ಪಾಠದ ಹೊತ್ತಿಗೆ ಕೊಲ್ಹಾಪುರದ ಶಾಲೆಗಳಲ್ಲಿ ಪರೀಕ್ಷೆಗಳು ನಡೆಯುತ್ತಿದ್ದವು. ನಮ್ಮ ಗುಂಪನ್ನು ಕಳಿಸಿದ್ದು ಶಹಾಪುರದ ಬೇರೊಂದು ಶಾಲೆಗೆ. ಗೋಡೆಯಾಚೆಯೇ ಮಗ್ಗದ ಶೆಡ್ಡು. ನಮ್ಮ ಪುಣ್ಯಕ್ಕೆ ಕರೆಂಟು ಹೋಗಿತ್ತು. ಅಕ್ಕಾವರು ಪಂಚಗಂಗಾ ನದಿಯ ಪಾಠ ತೆಗೆದರು. ಮೆಲುದನಿ, ತುಟಿ ಹಿಡಿತದಲ್ಲಿ, ಕೈ ಸೆರಗಿನಲ್ಲಿ. ಹೇತುಕಥನವನ್ನೂ ಹೇಳಿದರು. ಪರೀಕ್ಷಕರ ಪಕ್ಕದ ಬೆಂಚಿನಲ್ಲಿದ್ದ ನಾನು ಉಸಿರು ಬಿಟ್ಟೆ.

ಆಗ ಕರೆಂಟು ಬಂತು.

ಮಗ್ಗಗಳೆಲ್ಲ ಒಮ್ಮೆಲೇ ಹೊಡೆದುಕೊಂಡವು, ಬೆಂಚು ಕೂಡ ನಡುಗಿತು. ಅಕ್ಕಾವರ ಮಾತು ಎರಡನೇ ಬೆಂಚನ್ನೂ ದಾಟಲಿಲ್ಲ. ಮಕ್ಕಳು ಕತ್ತು ಉದ್ದ ಮಾಡಿ ಅವರ ಬಾಯನ್ನೇ ನೋಡತೊಡಗಿದರು. ಕಿಟಕಿಯ ಹೊರಗಿದ್ದ ಮೆಥಡ್ ಮಾಸ್ತರರು, ಹಾಗೇ ನಡೆಸಿ ಎಂಬಂತೆ ಅಂಗೈ ಕೆಳಗೆ ಮಾಡಿ ತೋರಿಸಿದರು. ಅಕ್ಕಾವರು ಪರೀಕ್ಷಕರನ್ನು ನೋಡಿದರು, ಮಕ್ಕಳನ್ನು ನೋಡಿದರು. ಬೇಡ ಅಕ್ಕಾವ್ರ, ಬೇಡ ಎಂದು ನಾನು ಬೆಂಚಿನಿಂದಲೇ ಬರೀ ತುಟಿಯಲ್ಲಿ ಅಂದೆ.

ಅವರು ಸೆರಗು ಬಿಟ್ಟರು. ಬಾಯಿ ಅಗಲಿಸಿದರು. ಕೈಯಲ್ಲೇ ನದಿ ಬೆಟ್ಟ ಇಳಿಯಿತು, ತಿರುಗಿತು, ಕೃಷ್ಣೆಗೆ ಕೂಡಿತು. ಮಕ್ಕಳ ಕೈಗಳು ಎದ್ದವು. ಉತ್ತರಗಳೂ ತುಟಿಯಲ್ಲೇ ಬಂದವು. ಅಂಥ ಪಾಠವನ್ನು ನಾನು ಮುಂದೆಂದೂ ನೋಡಲಿಲ್ಲ. ನನ್ನ ಪಕ್ಕದಲ್ಲಿ ಪರೀಕ್ಷಕರು ಪೆನ್ನಿನ ಟೋಪಿ ಹಾಕಿ ಕೂತುಬಿಟ್ಟಿದ್ದರು. ಹೊರಗೆ ಬಂದ ಮೇಲೆ, ಮಕ್ಕಳಿಗೆಲ್ಲ ತಿಳಿದಿದೆ ಸರ್ ಎಂದು ಧೈರ್ಯ ಮಾಡಿ ಹೇಳಿದೆ. "ಆವಾಜ ಪೋಚಲಾಚ ನಾಹಿ" ಎಂದು ನಡೆದರು. ಧ್ವನಿ ಮುಟ್ಟಲೇ ಇಲ್ಲವಂತೆ. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

"ಯಾಕ್ರಿ ಅಕ್ಕಾವ್ರ? ಹಂಗ ನಡಿಸಿದ್ರ ಪಾಸ್ ಆಗ್ತಿದ್ರಲ್ಲಾ" ಎಂದು ನಾನು ಅತ್ತೆ.

"ಹುಡುಗೂರು ನನ್ನ ಬಾಯಿ ನೋಡಾಕತ್ತಿದ್ವು ತಂಗಿ. ಮುಚ್ಚಿಕೊಂಡು ಹೆಂಗ ನಿಂದ್ರಲಿ?"

ಅವರು ಫೇಲಾದರು. ನೌಕರಿ ಹೋಯಿತು. ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವ ಕೆಲಸಕ್ಕೆ ಸೇರಿದರೆಂದು ಕೇಳಿದೆ. ನನಗೆ ಗಡಹಿಂಗ್ಲಜದಲ್ಲಿ ನೌಕರಿ ಸಿಕ್ಕಿತು. ಮುಂದೊಮ್ಮೆ ಇಚಲಕರಂಜಿ ಸ್ಟ್ಯಾಂಡಿನಲ್ಲಿ, ನನ್ನ ಬಸ್ಸು ಹೊರಟಾಗ, ಆಚೆ ಗದ್ದಲದೊಳಗೆ ಅವರು ಕಂಡರು. ನಕ್ಕು, ಬಾಯಿ ಅಗಲಿಸಿ, ಧ್ವನಿ ಇಲ್ಲದೆ ಅಂದರು: "ಹೇತುಕಥನ ಮರೀಬ್ಯಾಡ." ಅದೇ ಕೊನೆ... ತೀರಿಕೊಂಡ ಸುದ್ದಿಯೂ ತಡವಾಗಿಯೇ ಬಂತು.

ಈಗ ಮನೆಯವರೆಲ್ಲ ಮೊಬೈಲಿಗೆ ಮುಖ ಬಗ್ಗಿಸಿಕೊಂಡೇ ನನ್ನ ಜೊತೆ ಮಾತಾಡುತ್ತಾರೆ. ಕಿವಿಯ ಯಂತ್ರ ಇದ್ದರೂ, ತುಟಿ ಕಾಣದೆ ಅರ್ಧ ತಿಳಿಯುವುದಿಲ್ಲ. ಇವತ್ತು ಅದನ್ನು ತೆಗೆದಿಟ್ಟು ಕನ್ನಡಿ ಮುಂದೆ ಕೂತೆ. ಬಾಯಿ ಅಗಲಿಸಿ, ಧ್ವನಿ ತೆಗೆಯದೆ, "ಮುಟ್ಟೇತ್ರಿ ಅಕ್ಕಾವ್ರ" ಎಂದೆ. ನನ್ನ ತುಟಿ ಓದಬೇಕಾದವರು ಎದುರಿಗಿರಲಿಲ್ಲ.