ಕೂತವನ ಅಳತೆ, ನಡೆದವನ ಉಡುಪು

ಆ ಚಿತ್ರ ತಯಾರಾದದ್ದು ಸ್ಟುಡಿಯೋದಲ್ಲಲ್ಲ. ಪುಸ್ತಕಗಳಲ್ಲಿ ಸ್ಟುಡಿಯೋ ಎಂದೇ ಇದೆ, ಆದರೆ ಬರೆದವರು ಯಾರೂ ಅಲ್ಲಿರಲಿಲ್ಲ. ಅದು ತಯಾರಾದದ್ದು ಬಸ್ಸುಗಳನ್ನು ದುರಸ್ತಿ ಮಾಡುತ್ತಿದ್ದ ಹಳೆಯ ಶೆಡ್ಡಿನಲ್ಲಿ. ಇಂದು ಎಲ್ಲರೂ ಕೊಂಡಾಡುವ ಆ ಆಕಾಶನೌಕೆ ನಿಂತಿದ್ದ ನೆಲದಲ್ಲಿ ಎಂಜಿನ್ ಎಣ್ಣೆಯ ಕಲೆಗಳಿದ್ದವು. ಇದನ್ನು ಕಣ್ಣಾರೆ ಕಂಡವರಲ್ಲಿ ಈಗ ಬದುಕಿರುವವರು ಇಬ್ಬರು. ಒಬ್ಬರು ಕ್ಯಾಪ್ಟನ್ ಪಾತ್ರ ಮಾಡಿದ ನಟ. ಅವರಿಗೆ ಯಾವುದೂ ನೆನಪಿಲ್ಲ. ಇನ್ನೊಬ್ಬರು ಕಟಿಂಗ್ ಮಾಸ್ಟ್ರು; ಅವರಿಗೆ ಯಾವುದೂ ಮರೆತಿಲ್ಲ. ಕನಿಷ್ಠಪಕ್ಷ ಮಾಸ್ಟ್ರು ಹಾಗೆಂದು ನಂಬಿದ್ದರು.

ಮಾಸ್ಟ್ರು ಬಸ್ ಸಂಸ್ಥೆಯ ಸಮವಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ನಾಲ್ಕು ತಿಂಗಳು ಬಟ್ಟೆ ಕತ್ತರಿಸಿ ನಿವೃತ್ತರಾದವರು. ದಿನವಿಡೀ ಕೂತು ಬಸ್ಸು ಓಡಿಸುವವನಿಗೆ ನಿಂತವನ ಅಳತೆಯ ಬಟ್ಟೆ ಹಾಕಿಸಿದರೆ ಬೆನ್ನು ಜಗ್ಗುತ್ತದೆ, ಹೊಟ್ಟೆ ಕೊರೆಯುತ್ತದೆ ಎಂಬುದನ್ನು ಆ ವಿಭಾಗದಲ್ಲಿ ಮೊದಲು ಕಂಡುಕೊಂಡವರು ಅವರೇ. ಆದ್ದರಿಂದ ಪ್ರತಿಯೊಬ್ಬ ಚಾಲಕನ ಅಳತೆಯನ್ನೂ ಎರಡು ಸಲ ತೆಗೆಯುತ್ತಿದ್ದರು. ಅಳತೆ ಪುಸ್ತಕದ ಎಡಪುಟದಲ್ಲಿ ನಿಂತ ಅಳತೆ, ಬಲಪುಟದಲ್ಲಿ ಕೂತ ಅಳತೆ. ಕತ್ತರಿ ಓಡುತ್ತಿದ್ದುದು ಬಲಪುಟದ ಪ್ರಕಾರ. "ಡ್ರೈವರ್ ಎದ್ದು ನಿಲ್ಲೋದು ಸಾಹೇಬ್ರು ಬಂದಾಗ ಮಾತ್ರ. ಅಷ್ಟಕ್ಕೋಸ್ಕರ ಬಟ್ಟೆ ಹಾಳು ಮಾಡೋಕಾಗುತ್ತಾ?" ಎನ್ನುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಕತ್ತರಿಸಿದ ಒಂದೇ ಒಂದು ಉಡುಪೂ ಸರಿಯಾಗಲಿಲ್ಲವೆಂದು ಹಿಂದಿರುಗಿ ಬರಲಿಲ್ಲ. ಬೇರೆಯವರು ಮನೆ ಕಟ್ಟಿಸಿದ್ದನ್ನು ಹೇಳಿಕೊಳ್ಳುವಂತೆ ಮಾಸ್ಟ್ರು ಈ ಮಾತನ್ನು ಹೇಳಿಕೊಳ್ಳುತ್ತಿದ್ದರು.

ಶೆಡ್ಡನ್ನು ಚಿತ್ರತಂಡಕ್ಕೆ ಬಿಟ್ಟುಕೊಟ್ಟ ಸಂಸ್ಥೆ, ಅದರ ಜೊತೆಗೆ ಮಾಸ್ಟ್ರನ್ನೂ ಎರಡು ತಿಂಗಳ ನಿಯೋಜನೆಯ ಮೇಲೆ ಕಳಿಸಿತು. ಆ ಎರಡು ತಿಂಗಳು ಹದಿನಾಲ್ಕಾಯಿತು. ಕಥೆ ಸರಳವಾಗಿತ್ತು: ದಾರಿ ತಪ್ಪಿದ ನೌಕೆಯೊಂದು ಆಕಾಶದಲ್ಲಿ ಅಲೆಯುತ್ತದೆ, ಕ್ಯಾಪ್ಟನ್ ತನ್ನ ಕುರ್ಚಿಯಲ್ಲಿ ಕೂತು ಯೋಚಿಸುತ್ತಾನೆ. ಚಿತ್ರೀಕರಣ ಮಾತ್ರ ಸರಳವಾಗಿರಲಿಲ್ಲ. ಶಿರಸ್ತ್ರಾಣಗಳನ್ನು ಬೀದಿದೀಪದ ಗಾಜಿನ ಬುರುಡೆಗಳಿಂದ ಮಾಡಿದ್ದರು. ನಾಲ್ಕು ನಿಮಿಷದಲ್ಲಿ ಒಳಗೆ ಆವಿ ಕಟ್ಟಿ ಕ್ಯಾಪ್ಟನ್ ಯಾರು, ಸಹಾಯಕ ಯಾರು ಎಂದು ಗುರುತು ಸಿಗುತ್ತಿರಲಿಲ್ಲ. ಶಬ್ದ ದಾಖಲಿಸುವವರು ಮೌನ ಬೇಕೆಂದು ಕೈಯೆತ್ತಿದಾಗಲೆಲ್ಲ ಪಕ್ಕದ ಶೆಡ್ಡಿನಲ್ಲಿ ಯಾರಾದರೂ ಬಸ್ಸಿನ ಹಾರನ್ ಪರೀಕ್ಷೆ ಮಾಡುತ್ತಿದ್ದರು. ಹತ್ತೊಂಬತ್ತನೆಯ ದಿನ ದೀಪವೊಂದು ಸಿಡಿದು ನೌಕೆಯ ಒಳಭಾಗವೇ ಸುಟ್ಟುಹೋಯಿತು. ಯಾರಿಗೂ ಗಾಯವಾಗಲಿಲ್ಲ. ಕ್ಯಾಪ್ಟನ್ನಿನ ಕುರ್ಚಿ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ನಿರ್ದೇಶಕರು ಬೂದಿಯ ಮುಂದೆ ನಿಂತು, ನೌಕೆ ಇಳಿದಿದೆ ಎಂದು ಸಾರಿದರು.

"ಎಲ್ಲಿಗೆ ಸಾರ್?" ಎಂದು ಛಾಯಾಗ್ರಾಹಕರು ಕೇಳಿದರು.

"ಹಿಂದುಗಡೆ ಬಾಯ್ಲರ್ ಬೂದಿ ರಾಶಿ ಬಿದ್ದಿದೆಯಲ್ಲ, ಅಲ್ಲಿಗೆ. ಅದೇ ಗ್ರಹ. ಇನ್ಮೇಲೆ ಎಲ್ಲರೂ ನಡೀತಾರೆ."

ಬಿಸಿಲು ತಡೆಯಲೆಂದು ಬಸ್ಸಿನ ಕಿಟಕಿಗಳಿಗೆ ತರಿಸಿ ಹಾಕದೆ ಉಳಿದಿದ್ದ ಬೆಳ್ಳಿಬಣ್ಣದ ಬಟ್ಟೆಯಲ್ಲಿ ಮಾಸ್ಟ್ರು ಕ್ಯಾಪ್ಟನ್ನಿನ ಉಡುಪು ಹೊಲಿದಿದ್ದರು. ಕತ್ತರಿಸಿದ್ದು ಬಲಪುಟದ ಪ್ರಕಾರ, ಕೂತ ಅಳತೆಗೆ. ಅದುವರೆಗೆ ಕ್ಯಾಮೆರಾದ ಮುಂದೆ ಕೂತೇ ಇದ್ದ ನಟ ಅದನ್ನು ತೊಟ್ಟು ಬೂದಿಯ ಮೇಲೆ ಎದ್ದು ನಿಂತಾಗ ನೆಟ್ಟಗಾಗಲು ಆಗಲಿಲ್ಲ. ಮಂಡಿ ಬಾಗಿತು, ಹೆಗಲು ಮುಂದೆ ಬಿತ್ತು, ಪ್ರತಿಯೊಂದು ಕಾಲನ್ನೂ ಕೆಸರಿನಿಂದ ಕೀಳುವಂತೆ ಕಿತ್ತು ಕಿತ್ತು ಇಡಬೇಕಾಯಿತು. ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಏನ್ರೀ ಮಾಸ್ಟ್ರೇ ಇದು? ಕ್ಯಾಪ್ಟನ್ನೋ, ಹಾಲು ಕದಿಯೋಕೆ ಹೊರಟ ಬೆಕ್ಕೋ?" ಎಂದು ನಿರ್ದೇಶಕರು ಗುಡುಗಿದರು.

"ಕ್ಯಾಪ್ಟನ್ ಕುರ್ಚಿ ಬಿಟ್ಟು ಏಳೋದೇ ಇಲ್ಲ ಅಂತ ತಾವೇ ಹೇಳಿದ್ರಿ ಸಾರ್. ಒಂದು ಮಧ್ಯಾಹ್ನ ಕೊಡಿ, ಬಿಚ್ಚಿ ಸರಿ ಮಾಡ್ತೀನಿ. ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದೀನಿ."

ನಿರ್ದೇಶಕರು ಕ್ಯಾಮೆರಾಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಕತ್ತರಿ ಒಳಗಿಡಿ. ಆ ಬಟ್ಟೆ ಹತ್ರ ಬಂದ್ರೆ ನಿಮ್ಮನ್ನೇ ಬೇರೆ ಗ್ರಹಕ್ಕೆ ಕಳಿಸ್ತೀನಿ."

ಹೀಗೆ ಹುಟ್ಟಿತು ಆ ನಡಿಗೆ. ಅಪರಿಚಿತ ಗ್ರಹದ ಭಾರವನ್ನೂ ಮನುಷ್ಯಕುಲದ ಒಂಟಿತನವನ್ನೂ ಒಂದೇ ಹೆಜ್ಜೆಯಲ್ಲಿ ತೋರಿಸಿದ ನಡಿಗೆ ಎಂದು ವಿಮರ್ಶಕರು ಬರೆದರು. ಮಾಸ್ಟ್ರ ಅಭಿಪ್ರಾಯದಲ್ಲಿ ಅದು ತೋರಿಸಿದ್ದು ಹಿಂಬದಿಯಲ್ಲಿ ಮೂರು ಅಂಗುಲ ಹೆಚ್ಚಾದ, ಮುಂಭಾಗದಲ್ಲಿ ಎರಡೂವರೆ ಅಂಗುಲ ಕಡಿಮೆಯಾದ ಬಟ್ಟೆಯನ್ನು.

ಅದನ್ನೂ ಅವರು ಸಹಿಸಿಕೊಂಡಿದ್ದರು. ಸಹಿಸಲಾಗದ್ದು ಚಿತ್ರಕ್ಕೆ ನಲವತ್ತು ವರ್ಷ ತುಂಬಿದಾಗ ಬಂದ ಪುಸ್ತಕ. ನಡಿಗೆ ಶಿಕ್ಷಕರೊಬ್ಬರು ನಟನ ಕಾಲಿಗೆ ಕಲ್ಲು ಕಟ್ಟಿ ಮೂರು ತಿಂಗಳು ತರಬೇತಿ ಕೊಟ್ಟರೆಂದು ಅದರಲ್ಲಿ ಅಚ್ಚಾಗಿತ್ತು. ಆ ಶಿಕ್ಷಕರು ಶೆಡ್ಡಿಗೆ ಬಂದದ್ದು ಒಂದೇ ದಿನ. ಬೂದಿಗೆ ಸೀನು ಹತ್ತಿ ಊಟಕ್ಕೆ ಮುಂಚೆಯೇ ಹಿಂದಿರುಗಿದರು. ಚಿತ್ರದ ವಸ್ತುಗಳನ್ನು ಪ್ರದರ್ಶನಕ್ಕಿಡಲು ಹೊರಟಿದ್ದ ವಸ್ತುಸಂಗ್ರಹಾಲಯವೂ ಇದೇ ಕಟ್ಟುಕಥೆಯನ್ನು ಫಲಕಕ್ಕೆ ಬರೆಸುತ್ತಿದೆಯೆಂದು ತಿಳಿದಾಗ ಮಾಸ್ಟ್ರು ಕಾಗದ ಬರೆಯಲು ಕೂತರು. ಒಂದಲ್ಲ, ಆರು.

"ನಿಮ್ಮ ಕಾಗದ ಹೊತ್ತು ಹೊತ್ತು ಅಂಚೆಯವನ ನಡಿಗೇನೂ ಕ್ಯಾಪ್ಟನ್ ಥರಾನೇ ಆಗಿದೆ," ಎಂದರು ಹೆಂಡತಿ.

ಆರನೆಯದಕ್ಕೆ ಉತ್ತರ ಬಂತು. ಸಂಗ್ರಹಾಲಯದ ಅಧಿಕಾರಿಣಿ ವಿನಯದಿಂದಲೇ ಬರೆದಿದ್ದರು: ತಮ್ಮ ಮಾತಿಗೆ ದಾಖಲೆಯಿದ್ದರೆ ದಯವಿಟ್ಟು ತರಬೇಕು. ಅಲ್ಲದೆ, ಉಡುಪು ಗೊಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತಿಲ್ಲವಾದ್ದರಿಂದ ತಾವೇ ಬಂದು ಸರಿಪಡಿಸಿಕೊಟ್ಟರೆ ಉಪಕಾರವಾಗುತ್ತದೆ.

ದಾಖಲೆಗೆ ಬರವೇ? ಮಾಸ್ಟ್ರು ಅಳತೆ ಪುಸ್ತಕಗಳನ್ನೆಲ್ಲ ವರ್ಷವಾರು ಕಟ್ಟಿ ಬೀರುವಿನ ಮೇಲಿಟ್ಟಿದ್ದರು. ಹೆಂಡತಿ ಸ್ಟೂಲು ಹತ್ತಿ ಕಟ್ಟು ಇಳಿಸಿದರು, ಧೂಳು ಕೊಡವಿದರು, ಕನ್ನಡಕ ತಮ್ಮ ಮೂಗಿನ ಮೇಲಿದ್ದುದರಿಂದ ತಾವೇ ಓದಿದರು.

"ಎಡಗಡೆ ನಿಂತ ಅಳತೆ. ಬಲಗಡೆ ಕೂತ ಅಳತೆ. ಕೆಳಗೆ ಏನೋ ಬರೆದಿದ್ದೀರಲ್ಲ... 'ನಿರ್ದೇಶಕರ ಸೂಚನೆ: ಕೊನೆಯ ದೃಶ್ಯದಲ್ಲಿ ಕ್ಯಾಪ್ಟನ್ ಎದ್ದು ನಿಂತು ನಡೆದು ಬಾಗಿಲು ತೆರೆಯುತ್ತಾನೆ. ಎರಡಕ್ಕೂ ಹೊಂದಬೇಕು.' ಇದು ನಿಮ್ಮ ಅಕ್ಷರ ಅಲ್ವೇನ್ರೀ?"

ಮಾಸ್ಟ್ರು ಪುಸ್ತಕ ಕಿತ್ತುಕೊಂಡು ತಾರೀಖು ನೋಡಿದರು. ಬೆಂಕಿ ಬೀಳುವುದಕ್ಕೆ ಇಪ್ಪತ್ತಾರು ದಿನ ಮುಂಚಿನದು. ಅಕ್ಷರ ಅವರದೇ. ನಿರ್ದೇಶಕರು ಹೇಳಿದ್ದರು, ಇವರು ಬರೆದುಕೊಂಡಿದ್ದರು, ಬರೆದುಕೊಂಡು, ಸಾವಿರಾರು ಚಾಲಕರಿಗೆ ಕತ್ತರಿಸಿದ ಕೈ ತನ್ನ ಪಾಡಿಗೆ ತಾನು ಬಲಪುಟಕ್ಕೆ ಹೋಗಿತ್ತು. "ತಾವೇ ಹೇಳಿದ್ರಿ ಸಾರ್" ಎಂದು ನಲವತ್ತು ವರ್ಷ ಆಡಿಕೊಂಡು ಬಂದ ಮಾತು ಹಸೀ ಸುಳ್ಳಾಗಿತ್ತು. ಸುಳ್ಳೆಂದು ಆಡಿದವರಿಗೇ ಗೊತ್ತಿರಲಿಲ್ಲ ಎಂಬುದಷ್ಟೇ ಸಮಾಧಾನ.

ಆ ರಾತ್ರಿಯ ಊಟದಲ್ಲಿ ಅವರು ಉಪ್ಪು ಹೆಚ್ಚಾಯಿತೆಂದೂ ಅನ್ನಲಿಲ್ಲ, ಕಡಿಮೆಯಾಯಿತೆಂದೂ ಅನ್ನಲಿಲ್ಲ. ಹೆಂಡತಿಗೆ ದಿಗಿಲಾಯಿತು.

"ಹೋಗ್ಲಿ ಬಿಡಿ. ಆ ಒಂದು ಹಾಳೆ ಹರಿದು ಹಾಕಿದ್ರೆ ಯಾರು ಕೇಳ್ತಾರೆ?"

"ಹಾಳೆಗಳಿಗೆ ನಂಬರ್ ಹಾಕಿದ್ದೀನಿ ಕಣೇ."

"ಹಾಗಾದ್ರೆ ಪುಸ್ತಕ ಮನೇಲೇ ಇರ್ಲಿ. ಹೋಗಿ ಹೊಲಿಗೆ ಬಿಚ್ಚಿ, ನೆಟ್ಟಗೆ ಮಾಡಿ ಬನ್ನಿ. ಅವರು ಕೇಳಿರೋದೂ ಅದನ್ನೇ ತಾನೇ? ನಿಮ್ಮ ಕೈಯಿಂದ ಕೆಟ್ಟ ಬಟ್ಟೆ ಬಂದಿಲ್ಲ ಅನ್ನೋ ಮಾತೂ ಉಳಿಯುತ್ತೆ."

ಉಪಾಯ ಸೊಗಸಾಗಿತ್ತು. ಸೊಗಸಾಗಿತ್ತೆಂಬುದೇ ಅದರ ದೋಷ. ಹೊಲಿಗೆ ಬಿಚ್ಚಿದರೆ ತಪ್ಪು ಅಳಿಯುತ್ತದೆ. ತಪ್ಪಿನ ಜೊತೆಗೆ ಆ ನಡಿಗೆ ಎಲ್ಲಿಂದ ಬಂತೆಂಬುದರ ಕೊನೆಯ ಸಾಕ್ಷಿಯೂ ಅಳಿಯುತ್ತದೆ. ಕಲ್ಲು ಕಟ್ಟಿದ ಶಿಕ್ಷಕರು ಶಾಶ್ವತವಾಗುತ್ತಾರೆ. ಬಿಚ್ಚದೆ ಪುಸ್ತಕ ತೋರಿಸಿದರೆ ನಡಿಗೆ ಮಾಸ್ಟ್ರದಾಗುತ್ತದೆ. ಆದರೆ ಅವರು ತಮ್ಮದೆಂದು ಹೇಳಿಕೊಳ್ಳಬಹುದಾದ ಏಕೈಕ ಪ್ರಸಿದ್ಧ ಕೆಲಸ ಅವರ ಬದುಕಿನ ಏಕೈಕ ಕೆಟ್ಟ ಕೆಲಸವೂ ಆಗುತ್ತದೆ.

ಮರುದಿನ ಹತ್ತು ಗಂಟೆಗೆ ಮಾಸ್ಟ್ರು ಸಂಗ್ರಹಾಲಯಕ್ಕೆ ಹೋದರು. ಚೀಲದಲ್ಲಿ ಕತ್ತರಿಯೂ ಇತ್ತು, ಪುಸ್ತಕವೂ ಇತ್ತು.

ಉಡುಪು ಗೊಂಬೆಯ ಮೇಲೆ ಕುತ್ತಿಗೆ ಹಿಡಿದು ಎತ್ತಿದ ಕಳ್ಳನಂತೆ ನಿಂತಿತ್ತು. ಅಧಿಕಾರಿಣಿ ಸಂಕೋಚದಿಂದ, "ನೋಡಿ ಸಾರ್, ಎಷ್ಟು ಎಳೆದ್ರೂ ಸೊಟ್ಟ. ಹಳೇ ಬಟ್ಟೆ, ಕುಗ್ಗಿರಬೇಕು," ಎಂದರು.

"ಬಟ್ಟೆ ಕುಗ್ಗಿಲ್ಲಮ್ಮ," ಎನ್ನುತ್ತ ಮಾಸ್ಟ್ರು ಉಡುಪನ್ನು ಬಿಚ್ಚಿಸಿ ಮೇಜಿನ ಮೇಲೆ ಒಳಮೈ ಹೊರಗಾಗಿ ಹರಡಿದರು. ಎರಡು ಬೆರಳ ಬಟ್ಟೆ ಹಾಗೆಯೇ ಇತ್ತು. ಅದರ ಅಂಚಿನಲ್ಲಿ ಅವರದೇ ಸೀಮೆಸುಣ್ಣದ ಗೆರೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಎರಡು ಗಂಟೆಯ ಕೆಲಸ. ಕತ್ತರಿಯ ತುದಿಯನ್ನು ಮೊದಲ ಹೊಲಿಗೆಯ ಕೆಳಗೆ ತೂರಿಸಿದರು. ಆಮೇಲೆ ಕತ್ತರಿ ತೆಗೆದು ಚೀಲಕ್ಕೆ ಹಾಕಿ ಪುಸ್ತಕ ಹೊರಗೆ ತೆಗೆದರು.

"ಒಂದು ಕುರ್ಚಿ ತರಿಸಿ. ಇವನನ್ನ ಕೂರಿಸೋಣ."

"ಗೊಂಬೆ ಕಾಲು ಮಡಚಲ್ಲ ಸಾರ್."

"ಹಾಗಾದ್ರೆ ಗೊಂಬೆ ಬೇಡ. ಹತ್ತಿ ಇದ್ರೆ ಹತ್ತಿ, ಇಲ್ದಿದ್ರೆ ಹಳೇ ಪೇಪರ್ ಕೊಡಿ."

ಸಂಜೆ ನಾಲ್ಕರವರೆಗೆ ಮಾಸ್ಟ್ರು ಹತ್ತಿ ತುಂಬಿದರು. ತೊಡೆಗೆ ಎಷ್ಟು, ಮೊಣಕಾಲಿಗೆ ಎಷ್ಟು ಎಂಬುದನ್ನೆಲ್ಲ ಬಲಪುಟ ನೋಡಿ, ಟೇಪು ಹಿಡಿದು. ಕೊನೆಗೆ ಕುರ್ಚಿಯಲ್ಲಿ ಕೂರಿಸಿದಾಗ ಕ್ಯಾಪ್ಟನ್ನಿನ ಮೈಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಹೆಗಲು ಹೆಗಲಿನಲ್ಲಿ, ಮಂಡಿ ಮಂಡಿಯಲ್ಲಿ. ತಾವು ಏನು ಕತ್ತರಿಸಿದ್ದರೋ ಅದನ್ನು ಮಾಸ್ಟ್ರು ನಲವತ್ತು ವರ್ಷದ ನಂತರ ಮತ್ತೆ ಕಂಡರು. ಫಲಕದ ಒಕ್ಕಣೆಯನ್ನು ನಿಂತುಕೊಂಡೇ ಹೇಳಿ ಬರೆಸಿದರು: ಕ್ಯಾಪ್ಟನ್ ಎದ್ದು ನಡೆಯುವನೆಂದು ಮೊದಲೇ ತಿಳಿಸಿದ್ದರೂ, ಅಳತೆಗಾರನು ತಪ್ಪಿ ಕೂತ ಅಳತೆಗೆ ಕತ್ತರಿಸಿದ್ದರಿಂದ ಈ ನಡಿಗೆ ಉಂಟಾಯಿತು. ಬೇರೆ ಯಾರೂ ಕಲಿಸಿದ್ದಲ್ಲ.

"'ತಪ್ಪಿ' ಅಂತ ಬೇಡ ಸಾರ್. 'ವಿಶಿಷ್ಟ ಶೈಲಿಯಲ್ಲಿ' ಅಂತ ಹಾಕೋಣ, ಚೆನ್ನಾಗಿರುತ್ತೆ," ಎಂದರು ಅಧಿಕಾರಿಣಿ.

"ಚೆನ್ನಾಗಿರೋದು ಬೇಡಮ್ಮ. ನಡೆದದ್ದು ಹಾಕಿ."

ಹಾಕಿದರು. ಪ್ರದರ್ಶನ ತೆರೆದ ಮೂರನೆಯ ದಿನ ಪತ್ರಿಕೆಯಲ್ಲಿ ದೀರ್ಘ ಲೇಖನ ಬಂತು. ನಡೆದಾಡಿ ಜಗತ್ಪ್ರಸಿದ್ಧನಾದ ಕ್ಯಾಪ್ಟನ್ನನ್ನು ಕೂರಿಸಿರುವುದು ದಿಟ್ಟ ಹೊಸ ವ್ಯಾಖ್ಯಾನವೆಂದೂ, ಇಂಥ ಅದ್ಭುತ ವಿನ್ಯಾಸವನ್ನು ತಪ್ಪೆಂದು ಕರೆದುಕೊಂಡ ವೃದ್ಧ ದರ್ಜಿಯ ವಿನಯ ಕಣ್ಣೀರು ತರಿಸುತ್ತದೆಂದೂ ಲೇಖಕರು ಬರೆದಿದ್ದರು.

ಮಾಸ್ಟ್ರು ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಪಕ್ಕಕ್ಕಿಟ್ಟು, ಕಾಗದ ತೆಗೆದರು.

"ಇನ್ನೂ ಏನ್ರೀ ಉಳಿದಿದೆ?" ಎಂದರು ಹೆಂಡತಿ.

"ಸುಳ್ಳು ಬರೆದಿದ್ದಾರೆ." ಬರೆಯುತ್ತ ಗಟ್ಟಿಯಾಗಿ ಓದಿದರು: "ಮಾನ್ಯರೇ, ಫಲಕದಲ್ಲಿರುವುದು ವಿನಯವಲ್ಲ, ವರದಿ. ನನ್ನಲ್ಲಿ ವಿನಯವೆಂಬುದು ಎಂದೂ ಇರಲಿಲ್ಲ. ಸಂಶಯವಿದ್ದಲ್ಲಿ ನನ್ನ ಹೆಂಡತಿಯನ್ನು ವಿಚಾರಿಸಿಕೊಳ್ಳಬಹುದು."

ಹೆಂಡತಿ ಕೈ ಒರೆಸಿಕೊಂಡು ಬಂದು ಕನ್ನಡಕ ಏರಿಸಿದರು.

"ಅದೊಂದಕ್ಕೆ ನಾನು ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ. ಪೆನ್ನು ಕೊಡಿ, ಎಲ್ಲಿ ಸಹಿ ಹಾಕ್ಲಿ?"